ಮೆಟ್ಟಿಲಿನ ಪಾಳಿ

ಮಾರ್ಚ್ 3, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಕುಡಿದವರ ಹಾಗೆ ಒಂದರ ಮೇಲೊಂದು ವಾಲುತ್ತಿವೆ. ಬಲಗೈ ಮಣಿಕಟ್ಟು ಮುರಿದು, ಹೋದ ವಾರದಿಂದ ಪ್ಲಾಸ್ಟರಿನಲ್ಲಿದೆ. ಇಷ್ಟು ಕಷ್ಟಪಟ್ಟು ಯಾಕೆ ಬರೆಯಬೇಕು ಎಂದರೆ, ಮನೆಯಲ್ಲಿರುವುದು ನಾನು ಮತ್ತು ನನ್ನ ಅತ್ತೆ. ಅವರ ಮಗ, ಅಂದರೆ ನನ್ನ ಗಂಡ, ನಮ್ಮಿಬ್ಬರನ್ನೂ ಬಿಟ್ಟು ದೇವರ ಪಾದ ಸೇರಿ ಬಹಳ ವರ್ಷವಾಯಿತು. ಅತ್ತೆಗೆ ಕಿವಿ ಮಂದ. ಏನು ಹೇಳಬೇಕಾದರೂ ಕೂಗಬೇಕು, ಕೂಗಿದರೆ ಕಟ್ಟಡಕ್ಕೆಲ್ಲ ಕೇಳಿಸುತ್ತದೆ. ಗುಟ್ಟು ಹೇಳಿಕೊಳ್ಳಲು ಈ ಪುಸ್ತಕವೇ ಗತಿ.

ಆದದ್ದು ಇಷ್ಟೇ. ಈ ಕಟ್ಟಡದಲ್ಲಿ ನಾಲ್ಕು ಮನೆ. ಕೆಳಗೆ ಎದುರುಬದುರಾಗಿ ನಾವು ಮತ್ತು ಬೇಕರಿಯವನು, ಮೊದಲ ಮಹಡಿಯಲ್ಲಿ ಬಸ್ ಡ್ರೈವರು ಮತ್ತು ಅವನ ಹೆಂಡತಿ, ಮೇಲ್ಗಡೆ ಒಂಟಿ ಮೇಷ್ಟ್ರು. ಮೆಟ್ಟಿಲು ಗುಡಿಸುವುದು, ಬೆಳಿಗ್ಗೆ ಟ್ಯಾಂಕಿಗೆ ನೀರು ಬಿಡುವುದು, ರಾತ್ರಿ ಗೇಟಿಗೆ ಬೀಗ ಹಾಕುವುದು, ಇವು ಮೂರು ವಾರಕ್ಕೊಬ್ಬರ ಪಾಳಿ. ಯಾರ ಬಾಗಿಲ ಪಕ್ಕ ಉದ್ದ ಪೊರಕೆ ಒರಗಿದೆಯೋ ಆ ವಾರ ಅವರದು. ಪೊರಕೆಯ ಕೊರಳಲ್ಲಿ ಬೀಗದ ಕೈ ನೇತಾಡುತ್ತಿರುತ್ತದೆ. ಭಾನುವಾರ ಸಂಜೆ ಅದನ್ನು ಮುಂದಿನ ಬಾಗಿಲಿಗೆ ದಾಟಿಸಬೇಕು.

ಹೋದ ವಾರ ನನ್ನ ಪಾಳಿ. ಗುಡಿಸುತ್ತಾ ಇಳಿಯುತ್ತಿದ್ದೆ. ಡ್ರೈವರ್ ಹೆಂಡತಿ ಬಕೆಟ್ಟಿನಿಂದ ನೀರು ಚೆಲ್ಲಿಕೊಂಡು ಹತ್ತಿದ್ದಳು. ನೀರು ಅವಳದು, ಕಾಲು ನನ್ನದು, ಜಾರಿತು. ನಾನು ಬಿದ್ದ ಸದ್ದಿಗಿಂತ ಅವಳು ಕಿರುಚಿದ ಸದ್ದು ಜೋರಾಗಿತ್ತು. ಅವಳಿಗೆ ಸೈರನ್ ಎಂದು ಹೆಸರಿಟ್ಟವಳು ನಾನೇ. ನಾವು ಈ ಕಟ್ಟಡಕ್ಕೆ ಬಂದ ದಿನದಿಂದಲೂ ನನಗೂ ಅವಳಿಗೂ ಎಣ್ಣೆ ಸೀಗೆಕಾಯಿ.

ಕೈ ನೋಯುತ್ತಿದೆ. ಎರಡೂ.

ಮಾರ್ಚ್ 6, ಗುರುವಾರ

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೈ ಮುರಿದು ಬಾಯಿ ಮೊಸರಾಗಿದೆ. ಬೆಳಿಗ್ಗೆ ಬೇಕರಿಯವನಿಂದ ಬಿಸಿ ಬ್ರೆಡ್ಡು, ಮಧ್ಯಾಹ್ನ ಸೈರನ್ ಮನೆಯಿಂದ ಊಟದ ಡಬ್ಬಿ, ಸಂಜೆ ಮೇಷ್ಟ್ರು ಫ್ಲಾಸ್ಕಿನಲ್ಲಿ ಚಹಾ ಹಿಡಿದುಕೊಂಡು ಹಾಜರ್. ಮೇಷ್ಟ್ರು ಪೇಪರನ್ನೂ ತಂದು ಅತ್ತೆಗೆ ಕೂಗಿ ಓದಿ ಹೇಳುತ್ತಾರೆ. ಬೀದಿಯಲ್ಲಿ ಹೋಗುವವರಿಗೂ ದೇಶದ ಸುದ್ದಿ ತಿಳಿಯುತ್ತದೆ.

ಅತ್ತೆಗೆ ಹಬ್ಬ. "ಇದೆಲ್ಲ ನಾವು ಯಾವಾಗ ತೀರಿಸೋದು?" ಎಂದು ಕೇಳಿದೆ. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ತಿನ್ನು ಸುಮ್ನೆ" ಎಂದು ಡಬ್ಬಿಯ ತಳ ಕೆರೆದರು.

ನನಗೆ ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಊಟ ಚೆನ್ನಾಗಿಯೇ ಇರುತ್ತದೆ. ಅದನ್ನು ತರುವವಳ ಮಾತು ಕೆಟ್ಟಿದೆ. ಇಂದು ಸೈರನ್ ಬಾಗಿಲಲ್ಲಿ ನಿಂತು ಮೆತ್ತಗೆ, "ಅಕ್ಕಾ, ನೀವು ಊಟ ಮಾಡಿ, ಪಾತ್ರೆ ನಾನೇ ತಗೊಂಡು ಹೋಗ್ತೀನಿ" ಅಂದಳು.

ನೀವು. ಇಷ್ಟು ವರ್ಷ ಆ ಬಾಯಲ್ಲಿ ನನಗೆ ನೀನು ಬಿಟ್ಟರೆ ಬೇರೆ ಬಂದದ್ದಿಲ್ಲ. "ನೀನು ಬಟ್ಟೆ ಒಣಗಿಸೋ ಜಾಗ ಇದಲ್ಲ", "ನಿನ್ನ ಹೊಲಿಗೆ ಮಿಷನ್ ಸದ್ದಿಗೆ ನನ್ನ ತಲೆ ಸಿಡೀತಿದೆ", ಹೀಗೆ. ಈಗ ನೀವಂತೆ. ಯಾರೋ ಸತ್ತವರ ಮನೆಗೆ ಬಂದವಳ ಹಾಗೆ ನಿಂತಿದ್ದಳು.

ಮಾರ್ಚ್ 18, ಮಂಗಳವಾರ

ಶಾಲೆಯವರು ಹೊಲಿಯಲು ಕೊಟ್ಟಿದ್ದ ಯೂನಿಫಾರ್ಮಿನ ಬಟ್ಟೆಯನ್ನು ವಾಪಸ್ ಒಯ್ದರು. ತಪ್ಪು ಅವರದಲ್ಲ, ಮಕ್ಕಳಿಗೆ ನನ್ನ ಮೂಳೆ ಕೂಡುವವರೆಗೆ ಬರಿಮೈಯಲ್ಲಿ ಶಾಲೆಗೆ ಹೋಗಲಾಗುವುದಿಲ್ಲ. ಮಿಷನ್ನಿಗೆ ಬಟ್ಟೆ ಹೊದಿಸಿದೆ. ಕೋಣೆ ಒಮ್ಮೆಲೇ ದೊಡ್ಡದಾದಂತೆ ಕಾಣಿಸಿತು.

ಸಂಜೆ ಬೇಕರಿಯವನ ಮೇಲೆ ಹರಿಹಾಯ್ದೆ. ಪಾಪ, ಅವನು ನನ್ನ ಕಸದ ಬುಟ್ಟಿ ಎತ್ತಿಕೊಂಡು ಹೋಗಲು ಬಂದಿದ್ದ. "ಕಸಾನೂ ನೀನೇ ಹೊರಬೇಕಾ? ನನಗೆ ಎಡಗೈ ಇಲ್ವಾ?" ಎಂದೆ. ಅವನು ಹಲ್ಲು ಕಿರಿದು, "ಇದೆ ಅಕ್ಕಾ, ಇರ್ಲಿ ಬಿಡಿ" ಎಂದು ಬುಟ್ಟಿ ಎತ್ತಿಕೊಂಡು ಹೋದ. ಬಯ್ದರೆ ತಿರುಗಿ ಬಯ್ಯದವರ ಜೊತೆ ಹೇಗೆ ಬಾಳುವುದು?

ಮಾರ್ಚ್ 23, ಭಾನುವಾರ

ಈ ಸಂಜೆ ಪೊರಕೆ ಬೇಕರಿಯವನ ಬಾಗಿಲಿಂದ ನನ್ನ ಬಾಗಿಲಿಗೆ ಬರಬೇಕಿತ್ತು. ಅವನು ಅದನ್ನು ಹೆಗಲ ಮೇಲಿಟ್ಟುಕೊಂಡು, ಚಪ್ಪಲಿಯ ಸದ್ದಾಗದಂತೆ ನನ್ನ ಬಾಗಿಲು ದಾಟಿ, ಸೀದಾ ಮಹಡಿ ಹತ್ತಿದ. ಬೀಗದ ಕೈ ಕಿಣಿಕಿಣಿ ಎನ್ನದ ಹಾಗೆ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ.

ಬರೆಯಲು ಬೇರೇನೂ ಇಲ್ಲ.

ಏಪ್ರಿಲ್ 8, ಮಂಗಳವಾರ

ಪ್ಲಾಸ್ಟರ್ ತೆಗೆದರು. ಒಳಗಿದ್ದದ್ದು ನನ್ನ ಕೈ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಬಾಡಿದ ಮೂಲಂಗಿಯಂತಿದೆ. ಮೂಳೆ ಕೂಡಿದೆ, ಬೆರಳು ಮಡಚುವುದಿಲ್ಲ. ದಿನಾ ವ್ಯಾಯಾಮ ಮಾಡಿಸುವವರ ಹತ್ತಿರ ಹೋಗಬೇಕಂತೆ, ತಿಂಗಳುಗಟ್ಟಲೆ, ದುಡ್ಡು ಕೊಟ್ಟು. "ಮೊದಲಿನ ಹಾಗಾಗತ್ತಾ?" ಎಂದರೆ ಮೂಳೆ ಡಾಕ್ಟರು, "ಪ್ರಯತ್ನ ನಿಮ್ಮದು" ಎಂದರು. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ.

ಮನೆಗೆ ಬಂದವಳೇ ಕತ್ತರಿ ತೆಗೆದೆ. ಹೆಬ್ಬೆರಳು ಅದರ ಕಣ್ಣಿನೊಳಗೆ ಹೋಗಲಿಲ್ಲ. ಅತ್ತೆ ನೋಡುತ್ತಿದ್ದರು. ಬಂದು ಕತ್ತರಿಯನ್ನು ಡ್ರಾಯರಿನಲ್ಲಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ನೀವುತ್ತಾ ಕುಳಿತರು. ನಾನು ಗೋಡೆಯ ಕಡೆ ತಿರುಗಿ ಅತ್ತೆ.

ಬರೆದ ಮೇಲೆ ಓದಿಕೊಂಡೆ, ಅತ್ತೆ ಎರಡು ಸಲ ಬಂದಿದ್ದಾರೆ. ಇರಲಿ, ಇಬ್ಬರೂ ಅತ್ತೆವು.

ಏಪ್ರಿಲ್ 11, ಶುಕ್ರವಾರ

ನೀರಿಗೆಂದು ಹೊರಗೆ ಹೋದೆ. ಮೆಟ್ಟಿಲ ಮೇಲೆ ಮೇಷ್ಟ್ರು, ಸೈರನ್, ಬೇಕರಿಯವನು ಗುಸುಗುಸು ಮಾಡುತ್ತಿದ್ದರು, ನನ್ನನ್ನು ನೋಡಿ ಬಾಯಿಗೆ ಬೀಗ. ಕೊನೆಗೆ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆ ದೊಡ್ಡ ವಿಷಯ ಬರಲಿದೆ ಎಂದರ್ಥ.

"ಟೈಲರಮ್ಮಾ, ಊರಾಚೆ ಒಂದು ಟ್ರಸ್ಟ್ ಇದೆ. ಆಶ್ರಯಧಾಮ ನಡೆಸ್ತಾರೆ. ನಿಮಗೂ ಅತ್ತೆಯವರಿಗೂ ಮಂಚ, ಊಟ, ಎಲ್ಲ ಅವರದೇ. ಕೈಗೆ ದಿನಾ ವ್ಯಾಯಾಮ ಮಾಡಿಸೋರು ಅಲ್ಲೇ ಇರ್ತಾರೆ. ನಾನು ಮಾತಾಡಿದೀನಿ. ಬುಧವಾರ ಒಬ್ಬರು ಬಂದು ನೋಡ್ತಾರೆ."

"ಅಲ್ಲಿಗೆ ಯಾರನ್ನ ಬೇಕಾದ್ರೂ ಸೇರಿಸ್ಕೋತಾರಾ?"

"ನೋಡ್ಕೊಳ್ಳೋರು ಯಾರೂ ಇಲ್ಲದೋರನ್ನ ಮಾತ್ರ" ಎಂದರು ಮೇಷ್ಟ್ರು. ಸೈರನ್ ನೆಲ ನೋಡುತ್ತಿದ್ದಳು.

"ಆಗ್ಲಿ" ಎಂದು ಕೊಡ ಎತ್ತಿಕೊಂಡು ಬಂದೆ. ಬೇಕರಿಯವನು ಕೊಡ ಇಸಿದುಕೊಳ್ಳಲು ಬಂದ, ಕೊಡಲಿಲ್ಲ.

ಇವರಿಗೆ ಸಾಕಾಗಿದೆ. ತಪ್ಪೇನು? ದಿನಾ ಸಾಯುವವರಿಗೆ ಅಳುವವರು ಯಾರು. ಬ್ರೆಡ್ಡು, ಡಬ್ಬಿ, ಪೇಪರು, ಎಷ್ಟು ದಿನ ಹೊರುತ್ತಾರೆ? ಕೋಣೆ ಬಿಟ್ಟುಕೊಟ್ಟರೆ ಪಾಳಿ ಮಾಡುವ ಒಂದು ಸಂಸಾರ ಬರುತ್ತದೆ, ಕಟ್ಟಡಕ್ಕೂ ಒಳ್ಳೆಯದು. ಅತ್ತೆಗೆ ಕೂಗಿ ಹೇಳುವ ಧೈರ್ಯ ಬರಲಿಲ್ಲ.

ಏಪ್ರಿಲ್ 13, ಭಾನುವಾರ

ಪೊರಕೆ ಮತ್ತೆ ನನ್ನ ಬಾಗಿಲು ದಾಟಿ ಹೋಯಿತು. ಈ ಸಲ ಬೇಕರಿಯವನು ಚಪ್ಪಲಿಯನ್ನೇ ಕಳಚಿ ಕೈಯಲ್ಲಿ ಹಿಡಿದಿದ್ದ.

ಏಪ್ರಿಲ್ 16, ಬುಧವಾರ

ಟ್ರಸ್ಟಿನಿಂದ ಬಂದದ್ದು ಒಬ್ಬ ಹುಡುಗಿ. ದರ್ಪದ ಹೆಂಗಸೊಬ್ಬಳು ಬರುತ್ತಾಳೆ, ಎರಡು ಮಾತು ಬಿಸಿಯಾಗಿ ಕೊಡೋಣ ಎಂದು ಕಾದಿದ್ದೆ. ಇವಳು ನೋಡಿದರೆ ಚಪ್ಪಲಿ ಹೊರಗೆ ಬಿಟ್ಟು, ಅತ್ತೆಯ ಪಕ್ಕ ಕುಳಿತು, ನೀರು ಕೇಳಿ ಕುಡಿದಳು. ಸಿಟ್ಟು ಮಾಡಲು ಜಾಗವೇ ಇಲ್ಲ. ಮಾತಿನಲ್ಲಿ ಮಾತ್ರ ಒಮ್ಮೆ ನನ್ನನ್ನು ಫಲಾನುಭವಿ ಎಂದಳು. ಯಾವ ಫಲ, ಏನು ಅನುಭವ ಎಂದು ನಾನು ಕೇಳಲಿಲ್ಲ. ಇವರ ಕಡೆ ಹಾಗೆ ಕರೆಯುತ್ತಾರೆ ಎಂದು ಕಾಣುತ್ತದೆ.

"ನಿಮ್ಮನ್ನ ನೋಡ್ಕೊಳ್ಳೋರು ಅಂತ ಯಾರಾದ್ರೂ ಇದಾರಾ?"

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, "ಯಾರೂ ಇಲ್ಲಮ್ಮಾ. ನಾನೇ ದಿನಾ ಬಂದು ನೋಡ್ತೀನಲ್ಲ, ಯಾರೂ ಇರೋದಿಲ್ಲ" ಎಂದರು. ಜೀವಮಾನವೆಲ್ಲ ಗಣಿತ ಕಲಿಸಿದವರು.

ಅಷ್ಟರಲ್ಲಿ ಬೇಕರಿಯವನು ಬ್ರೆಡ್ಡಿನ ಪೊಟ್ಟಣ ಹಿಡಿದು ಬಂದ. "ಹೌದು ಮೇಡಂ, ಪಾಪ, ಇವರಿಗೆ ಯಾರೂ ಇಲ್ಲ. ಅಜ್ಜೀ, ಅಂಚು ತೆಗೆದು ತಂದಿದೀನಿ, ಹಲ್ಲಿಗೆ ಗಟ್ಟಿಯಾಗಲ್ಲ."

ಹಿಂದೆಯೇ ಸೈರನ್. ಅತ್ತೆಯ ಒಗೆದ ಬಟ್ಟೆಗಳನ್ನು ಮಡಚಿ ಮಂಚದ ಮೇಲಿಟ್ಟು, ಬಾಚಣಿಗೆ ತೆಗೆದುಕೊಂಡು ನನ್ನ ಬೆನ್ನ ಹಿಂದೆ ಕುಳಿತಳು. ಒಂದು ಕೈಯಲ್ಲಿ ನನಗೆ ಜಡೆ ಹೆಣೆದುಕೊಳ್ಳಲಾಗುವುದಿಲ್ಲ, ಅವಳೇ ಹಾಕುವುದು. ಹೇರ್‌ಪಿನ್ನು ಹಲ್ಲಲ್ಲಿ ಕಚ್ಚಿಕೊಂಡೇ, "ಒಬ್ಬರೂ ಇಲ್ಲ ಮೇಡಂ. ಒಂದು ನರಪಿಳ್ಳೆ ಇಲ್ಲ" ಎಂದಳು.

ಆ ಹುಡುಗಿ ಪೆನ್ನಿಗೆ ಮುಚ್ಚಳ ಹಾಕಿದಳು. ಬ್ರೆಡ್ಡು ನೋಡಿದಳು, ಮಡಚಿದ ಬಟ್ಟೆ ನೋಡಿದಳು, ನನ್ನ ಅರ್ಧ ಹೆಣೆದ ಜಡೆ ನೋಡಿದಳು. "ಹಾಗಾದ್ರೆ ನೀವೆಲ್ಲ ಯಾರು?" ಎಂದು ಕೇಳಿದಳು. ಚುಚ್ಚುವುದಕ್ಕಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು.

ಮೇಷ್ಟ್ರು ಕನ್ನಡಕ ತೆಗೆದರು.

"ಏನಂತೆ?" ಎಂದು ಅತ್ತೆ ಕೇಳಿದರು.

"ನಮಗೆ ಯಾರೂ ಇಲ್ವಂತೆ" ಎಂದು ಕೂಗಿದೆ.

"ಯಾರು ಹೇಳಿದ್ದು?"

"ಇವರೇ."

ಅತ್ತೆ ಮೂವರನ್ನೂ ಒಬ್ಬೊಬ್ಬರಾಗಿ ನೋಡಿ, "ಇವರಿಗೇನು ತಲೆ ಕೆಟ್ಟಿದೆಯಾ?" ಎಂದು ಬ್ರೆಡ್ಡು ಬಾಯಿಗೆ ಹಾಕಿಕೊಂಡರು.

ನನಗೆ ತಡೆಯಲಾಗಲಿಲ್ಲ. "ಸಾಗಹಾಕಬೇಕು ಅಂತಿದ್ರೆ ಮುಖ ನೋಡಿ ಹೇಳಿ. ಕೈ ಮುರೀತು ಅಂತ ಪೊರಕೆ ಕಿತ್ಕೊಂಡ್ರಿ. ನನ್ನ ಬಾಗಿಲು ಬಂದ್ರೆ ಚಪ್ಪಲಿ ಕೈಲಿ ಹಿಡ್ಕೊಂಡು ನಡೀತೀರಿ, ಹೆಣ ಮಲಗಿಸಿದ ಮನೆ ಹಾಗೆ. ಇವಳು ಜಗಳ ನಿಲ್ಲಿಸಿದಳು. ಈಗ ಈ ಕೋಣೆನೂ ಬಿಡಬೇಕು, ಅಲ್ವಾ?"

ಬೆನ್ನ ಹಿಂದೆ ಬಾಚಣಿಗೆ ನಿಂತಿತು. ಸೈರನ್ನಿಗೆ ಸ್ವರವೇ ಇರಲಿಲ್ಲ. "ಕೈ ಸರಿಹೋಗ್ಲಿ ಅಂತ ಅಕ್ಕಾ. ಅಲ್ಲಿ ದಿನಾ ಮಾಡಿಸ್ತಾರಂತೆ. ನಿಮ್ಮ ಮಿಷನ್ ಸದ್ದು ಇಲ್ಲದೆ ನನಗೆ ಮಧ್ಯಾಹ್ನ ನಿದ್ದೆ ಬರಲ್ಲ. ನನ್ನ ಬಕೆಟ್ ನೀರಿಂದ ಆದದ್ದು, ನಾನು ಯಾವ ಬಾಯಲ್ಲಿ ನಿಮ್ಮ ಜೊತೆ ಜಗಳ ಆಡ್ಲಿ?"

ನನ್ನನ್ನು ಓಡಿಸಲು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ನನ್ನ ಕೈ ಉಳಿಸಲು ತಾವೇ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಇಂಥ ದಡ್ಡರನ್ನು ನಾನು ಎಲ್ಲಿಯೂ ಕಂಡಿಲ್ಲ.

ಹುಡುಗಿ ಮೆಲ್ಲಗೆ, "ಅಕ್ಕಾ, ನೀವೇ ಹೇಳಿ. ನಮ್ಮಲ್ಲಿ ನಿಯಮ ಹಾಗಿದೆ, ನಾನು ಬದಲಾಯಿಸೋಕಾಗಲ್ಲ. ಇದಾರಾ, ಇಲ್ವಾ?" ಎಂದಳು.

ಇಲ್ಲ ಎಂದರೆ ಮಂಚ, ಊಟ, ಬಹುಶಃ ಬೆರಳುಗಳೂ. ಬೆರಳಿಲ್ಲದೆ ನಾನು ಟೈಲರಲ್ಲ, ಅದೂ ಗೊತ್ತಿತ್ತು. ಕತ್ತರಿಯೇ ಕಣ್ಣ ಮುಂದೆ ಬಂತು. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ.

"ಇದಾರೆ" ಎಂದೆ.

ಹೋಗುವ ಮುಂಚೆ ಆ ಹುಡುಗಿ ಬೆರಳು ಮಡಚುವ ಎರಡು ವ್ಯಾಯಾಮ ತೋರಿಸಿಕೊಟ್ಟಳು. ಅದಕ್ಕೆ ನಿಯಮ ಅಡ್ಡ ಬರುವುದಿಲ್ಲವಂತೆ. ಒಳ್ಳೆಯ ಹುಡುಗಿ. ಅವಳ ಮಂಚ ನಿಜವಾಗಿ ಯಾರೂ ಇಲ್ಲದವರಿಗೆ ಸಿಗಲಿ. ಜಡೆ ಅರ್ಧಕ್ಕೇ ನಿಂತಿದೆ. ಸೈರನ್ ಮುಖ ಮುಚ್ಚಿಕೊಂಡು ಮೇಲೆ ಹೋದವಳು ಬಂದಿಲ್ಲ.

ಏಪ್ರಿಲ್ 17, ಗುರುವಾರ

ಡಬ್ಬಿ ಬಂತು, ಅವಳು ಬರಲಿಲ್ಲ. ಗಂಡನ ಕೈಯಲ್ಲಿ ಕಳಿಸಿದ್ದಳು. ಡ್ರೈವರು ಮಾತು ಕಡಿಮೆಯ ಮನುಷ್ಯ. ಡಬ್ಬಿ ಇಟ್ಟು, "ಅಕ್ಕಾ, ನನ್ನ ಮೊದಲ ಟ್ರಿಪ್ಪು ಸರ್ಕಾರಿ ಆಸ್ಪತ್ರೆ ಮೇಲೇ ಹೋಗೋದು. ಅಲ್ಲೂ ಕೈ ವ್ಯಾಯಾಮ ಮಾಡಿಸ್ತಾರೆ. ನಾಳೆಯಿಂದ ನನ್ನ ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ" ಎಂದ.

ಇಷ್ಟು ದಿನ ಯಾಕೆ ಹೇಳಲಿಲ್ಲವೋ ಎಂದರೆ, "ನೀವು ಕೇಳ್ಲಿಲ್ಲ" ಎಂದ.

ಏಪ್ರಿಲ್ 27, ಭಾನುವಾರ

ಬರೆಯಲು ಪುರುಸೊತ್ತಾಗಲಿಲ್ಲ. ಬೆಳಿಗ್ಗೆ ಬಸ್ಸು, ಆಸ್ಪತ್ರೆಯ ಸರದಿ, ಬಂದ ಮೇಲೆ ಬೇಕರಿ. ಬೇಕರಿಗೆ ಯಾಕೆಂದರೆ, ಆಸ್ಪತ್ರೆಯಲ್ಲಿ ರಬ್ಬರಿನ ಚೆಂಡು ಕೊಟ್ಟು ಹಿಸುಕು ಎನ್ನುತ್ತಾರೆ. ಬೇಕರಿಯವನು ಅದನ್ನು ನೋಡಿ, "ಚೆಂಡು ಹಿಸುಕಿ ಏನು ಬಂತು ಅಕ್ಕಾ, ಹಿಟ್ಟು ಹಿಸುಕಿ" ಎಂದು ಒಂದು ಮುದ್ದೆ ಹಿಟ್ಟನ್ನು ನನ್ನ ಮುಂದೆ ಹಾಕಿದ. ದಿನಾ ನಾದುತ್ತೇನೆ. ಜೀವ ಹೋಗುವಷ್ಟು ನೋವು. ನನ್ನ ಹಿಟ್ಟಿನ ಬ್ರೆಡ್ಡು ಒಂದು ಕಡೆ ಉಬ್ಬಿ, ಒಂದು ಕಡೆ ಕುಸಿದು, ಹಲ್ಲುನೋವಿನವರ ಕೆನ್ನೆಯಂತಾಗುತ್ತದೆ. ಅವನು ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮುಂದೆ ಇಡುತ್ತಾನೆ. ಮೇಷ್ಟ್ರೇ ಕೊಂಡುಕೊಳ್ಳುತ್ತಾರೆ. ಅವರಿಗೆ ಕೋನಗಳು ಇಷ್ಟವಂತೆ.

ಹೆಬ್ಬೆರಳು ಕತ್ತರಿಯ ಕಣ್ಣಿನೊಳಗೆ ಹೋಗುತ್ತದೆ. ಹೊರಗೆ ಬರಲು ಎಡಗೈ ಬೇಕು.

ಪೊರಕೆ ಈ ಸಂಜೆ ಬೇಕರಿಯವನ ಬಾಗಿಲಿಗೆ ಬಂತು. ಅವನ ನಂತರ ಯಾರದು ಎಂದು ನನಗೆ ಗೊತ್ತು.

ಮೇ 4, ಭಾನುವಾರ

ಸಂಜೆ ಕುರ್ಚಿ ಹಾಕಿಕೊಂಡು ಬಾಗಿಲಿಗೆ ಅಡ್ಡ ಕುಳಿತೆ. ಬೇಕರಿಯವನು ಪೊರಕೆ ಹಿಡಿದು ಹೊರಬಂದ, ನನ್ನನ್ನು ನೋಡಿದ, ಮೆಟ್ಟಿಲು ನೋಡಿದ.

"ಅಕ್ಕಾ, ಇನ್ನೊಂದು ತಿಂಗಳು ಹೋಗ್ಲಿ."

"ನಾನು ಈ ಕಟ್ಟಡದಲ್ಲಿ ಇದೀನಾ, ಇಲ್ವಾ?"

"ಇದೀರಿ."

"ಇದ್ದ ಮೇಲೆ ಇಲ್ಲಿ ಇಡು."

ಇಟ್ಟ. ಬೀಗದ ಕೈ ಕಿಣಿಕಿಣಿ ಎಂದಿತು. ಅತ್ತೆ ಒಳಗಿಂದ, ತಮಗೆ ಕೇಳಿಸಿತೋ ಎಂಬಂತೆ, ಕತ್ತು ಚಾಚಿ ನೋಡಿದರು.

ಮೇ 5, ಸೋಮವಾರ

ಮೇಲಿಂದ ಕೆಳಗಿನವರೆಗೆ ಗುಡಿಸಿದೆ. ಎಡಗೈಯಲ್ಲಿ ದೂಡುವುದು, ಬಲಗೈಯಲ್ಲಿ ಬರೀ ಹಿಡಿದಂತೆ ಮಾಡುವುದು. ಅರ್ಧ ಕಸ ಮೂಲೆಯಲ್ಲೇ ಉಳಿಯಿತು, ಗೊತ್ತು. ಬಂದು ಕುಳಿತು ಉಸಿರು ಬಿಡುತ್ತಿದ್ದೆ, ಮಹಡಿಯಿಂದ ಸೈರನ್ ಶುರುವಾಯಿತು.

"ಯಾರು ಗುಡಿಸಿದ್ದು ಇದು? ಗುಡಿಸಿದ್ದೋ, ಕಸಕ್ಕೆ ಜಾಗ ಬದಲಾಯಿಸಿದ್ದೋ? ನನ್ನ ಬಾಗಿಲ ಮುಂದೇ ಗುಡ್ಡೆ ಮಾಡಿದೀಯಲ್ಲ, ನಿನಗೆ ಕಣ್ಣಿಗೂ ಪ್ಲಾಸ್ಟರ್ ಹಾಕಿದ್ರಾ?"

ಎದ್ದು ಮೆಟ್ಟಿಲ ಕೆಳಗೆ ಹೋಗಿ ನಿಂತೆ. "ನಿನ್ನ ಚಪ್ಪಲಿ ರಾಶಿ ತೆಗೆದಿದ್ರೆ ಗುಡಿಸ್ತಿದ್ದೆ ಕಣೇ. ಅದೇನು ಮನೆಯೋ ಚಪ್ಪಲಿ ಅಂಗಡಿಯೋ?"

"ಗುಡಿಸೋಕೆ ಬರದೋಳಿಗೆ ಚಪ್ಪಲಿ ನೆಪ."

"ಬಕೆಟ್ ಹಿಡಿಯೋಕೆ ಬರದೋಳು ನನಗೆ ಹೇಳ್ತೀಯಾ?"

ಅಂದುಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು, "ಹೌದು ಕಣೇ, ಚೆಲ್ಲಿದೆ. ನೀನು ನೋಡ್ಕೊಂಡು ಕಾಲಿಡಬೇಕಿತ್ತು" ಎಂದಳು. ಸ್ವರ ಜೋರಾಗಿಯೇ ಇತ್ತು. ಕತ್ತೆತ್ತಿ ನೋಡಿದೆ. ಕಂಬಿ ಹಿಡಿದುಕೊಂಡು ಕಣ್ಣಲ್ಲಿ ಅಳುತ್ತಾ ಬಾಯಲ್ಲಿ ನಗುತ್ತಾ ನಿಂತಿದ್ದಳು. ನನ್ನ ಗತಿಯೂ ಅದೇ ಆಗಿತ್ತು. ಮೇಷ್ಟ್ರು ಮೇಲಿನಿಂದ, "ಶಾಂತಿ, ಶಾಂತಿ" ಎಂದದ್ದಕ್ಕೆ ಇಬ್ಬರೂ ಸೇರಿ ಅವರ ಮೇಲೆ ಬಿದ್ದೆವು.

ಮಧ್ಯಾಹ್ನ ಚೆನ್ನಾಗಿ ನಿದ್ದೆ ಬಂತು.

ಮೇ 9, ಶುಕ್ರವಾರ

ಈ ಸೈರನ್ನಿನ ಸೊಕ್ಕು ಬರೆದಿಡಲೇಬೇಕು. ಅವಳ ತಂಗಿಗೆ ಹೆರಿಗೆಯ ದಿನ ಹತ್ತಿರ ಬಂದಿದೆ, ಬಾಣಂತನಕ್ಕೆ ಹೋಗುತ್ತಾಳಂತೆ. ಎಷ್ಟು ದಿನ ಎಂದು ಗೊತ್ತಿಲ್ಲವಂತೆ. ಬಂದವಳು ಕುಳಿತುಕೊಳ್ಳಲೂ ಇಲ್ಲ. ಮನೆಯ ಬೀಗದ ಕೈ ತೆಗೆದು ನನ್ನ ಮಿಷನ್ ಮೇಲಿಟ್ಟಳು. ಗಿಡಗಳಿಗೆ ನೀರು ನಾನು ಹಾಕಬೇಕು. ಗಂಡ ಟ್ರಿಪ್ಪು ಮುಗಿಸಿ ಬಂದಾಗ ಬಿಸಿಯಾಗಿ ಏನಾದರೂ ಇಟ್ಟಿರಬೇಕು, ಅವನಿಗೆ ಒಲೆ ಹಚ್ಚಲು ಬರುವುದಿಲ್ಲ. ಮುಂದಿನ ವಾರದ ಅವಳ ಪಾಳಿಯೂ ನನ್ನದೇ. ಅಂದರೆ ಸಾಲಾಗಿ ಎರಡು ವಾರ. ಗಿಡಗಳಾದರೂ ಒಂದೆರಡೇ? ಇಡೀ ಬಾಲ್ಕನಿ ಕಾಡು.

"ನನ್ನ ಕೈ ನೋಡಿದೀಯಾ?" ಎಂದು ಅವಳ ಮುಖದ ಮುಂದೆ ಹಿಡಿದೆ. "ಇಷ್ಟೆಲ್ಲ ನನ್ನಿಂದ ಆಗತ್ತಾ?"

"ಆಗದಿದ್ರೆ ಬೇಕರಿಯವನ್ನ ಕರಿ, ಮೇಷ್ಟ್ರನ್ನ ಕರಿ. ಬಾಯಿಬಿಟ್ಟು ಕೇಳೋಕೆ ಏನು ಕಷ್ಟ ನಿನಗೆ? ಈಗ ನಾನು ಕೇಳ್ತಾ ಇಲ್ವಾ?"

ನನ್ನ ಹೂಂ, ಊಹೂಂಗೆ ಕಾಯದೆ ಚೀಲ ಎತ್ತಿಕೊಂಡು ಹೊರಟೇಹೋದಳು. ನಾನು ಒಪ್ಪುತ್ತೇನೋ ಇಲ್ಲವೋ ಎಂಬ ಅನುಮಾನ ಒಂದಿಷ್ಟಾದರೂ ಬೇಡವೇ ಒಬ್ಬ ಹೆಂಗಸಿಗೆ?